ಮಾತ್ರೆ ನುಂಗಿದ ದಿನ, ಚುಕ್ಕೆ ಕಂಡ ದಿನ

ಡೆಂಗಿ ಬಂದ ಮೇಲೆ ನಮ್ಮ ಹಳ್ಳಿಗಳಲ್ಲೂ ‘ಪ್ಲೇಟ್‌ಲೆಟ್’ ಮನೆಮಾತಾಗಿದೆ. ಕುಂತೂರಿನಿಂದ ಯಾರಾದರೂ ಜ್ವರ ಅಂತ ಕೊಳ್ಳೇಗಾಲದ ಆಸ್ಪತ್ರೆ ಸೇರಿದರೆ, ನೋಡಲು ಹೋದ ನೆಂಟರು ಕೇಳುವ ಮೊದಲ ಮಾತೇ ‘ಪ್ಲೇಟ್‌ಲೆಟ್ ಎಷ್ಟಕ್ಕೆ ಬಂದಿದೆ?’ ಕೆಲವರು ಅದನ್ನೇ ‘ಬಿಳಿ ರಕ್ತಕಣ’ ಅನ್ನುತ್ತಾರೆ. ಅದು ಬೇರೆ, ಇದು ಬೇರೆ. ಬಿಳಿ ರಕ್ತಕಣ ರೋಗದ ವಿರುದ್ಧ ಹೋರಾಡುತ್ತದೆ. ಪ್ಲೇಟ್‌ಲೆಟ್ ಗಾಯವಾದ ಕಡೆ ಗುಂಪುಗೂಡಿ ರಕ್ತ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ, ಅಂದರೆ ಒಂದು ಸಣ್ಣ ಹನಿಗಿಂತಲೂ ಕಡಿಮೆ ರಕ್ತದಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ.

ಜ್ವರದಿಂದ ಪ್ಲೇಟ್‌ಲೆಟ್ ಇಳಿಯುವುದು ಎಲ್ಲರಿಗೂ ಗೊತ್ತು. ಜ್ವರಕ್ಕೆ ಕೊಟ್ಟ ಔಷಧಿಯಿಂದಲೂ ಇಳಿಯಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದರಲ್ಲೂ ಐಟಿಪಿ ಎಂಬ ಕಾಯಿಲೆ ಇರುವವರ ಮನೆಯಲ್ಲಿ ಈ ಪ್ರಶ್ನೆ ದಿನವೂ ಇದ್ದದ್ದೇ: ಡಾಕ್ಟರು ಬರೆದ ಆಂಟಿಬಯಾಟಿಕ್ ನುಂಗಬೇಕೋ ಬೇಡವೋ? ನುಂಗಿದರೆ ಪ್ಲೇಟ್‌ಲೆಟ್ ಇನ್ನೂ ಬಿದ್ದುಹೋಗುತ್ತದೆಯೋ?

ಉತ್ತರ ಒಂದೇ ಮಾತಿನದ್ದಲ್ಲ. ಬಹಳಷ್ಟು ಮಂದಿಗೆ ಏನೂ ಆಗುವುದಿಲ್ಲ. ಕೆಲವೇ ಕೆಲವರಿಗೆ ಇಳಿಯುತ್ತದೆ. ಇನ್ನು ಕೆಲವರಿಗೆ ಆಂಟಿಬಯಾಟಿಕ್‌ನಿಂದಲೇ ಪ್ಲೇಟ್‌ಲೆಟ್ ಏರಿದ್ದೂ ಉಂಟು. ಇದು ತಿಳಿದುಬಂದದ್ದು ಹೇಗೆ ಎಂಬುದಕ್ಕೆ ನೂರಾ ಅರವತ್ತು ವರ್ಷಗಳ ಕಥೆಯಿದೆ. ಆ ಕಥೆಯಲ್ಲಿ ನೀಲಗಿರಿ ಬೆಟ್ಟವೂ ಇದೆ, ತುಮಕೂರಿನ ಹಳ್ಳಿಗಳೂ ಇವೆ.

ನೀಲಗಿರಿಯ ತೊಗಟೆ

ಮೊದಲು ಸಿಕ್ಕಿಬಿದ್ದ ಔಷಧಿ ಆಂಟಿಬಯಾಟಿಕ್ ಅಲ್ಲ, ಕ್ವಿನೈನ್. ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ ಕೊಡುತ್ತಿದ್ದ ಕಹಿ ಔಷಧಿ. ಸಿಂಕೋನಾ ಮರದ ತೊಗಟೆಯಿಂದ ಅದನ್ನು ತೆಗೆಯುವ ಬಗೆಯನ್ನು 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವಂತೂ ಕಂಡುಹಿಡಿದರು. ಆ ಮರ ದಕ್ಷಿಣ ಅಮೆರಿಕದ್ದು. 1860ರ ಹೊತ್ತಿಗೆ ಬ್ರಿಟಿಷರು ಅದರ ಬೀಜ, ಸಸಿಗಳನ್ನು ತರಿಸಿ ನೀಲಗಿರಿಯಲ್ಲಿ ನೆಟ್ಟರು. ದೊಡ್ಡಬೆಟ್ಟದ ಬಳಿ, ನಡುವಟ್ಟಂನಲ್ಲಿ ತೋಟಗಳೆದ್ದವು. ನಡುವಟ್ಟಂನಲ್ಲಿ ಕ್ವಿನೈನ್ ತಯಾರಿಸುವ ಸರ್ಕಾರಿ ಕಾರ್ಖಾನೆಯೂ ಬಂತು. ನಮ್ಮ ಕಡೆಯವರು ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿಗೆ ಹೋಗುತ್ತಾರಲ್ಲ, ಆ ಬೆಟ್ಟಗಳಲ್ಲೇ.

ಆ ಕಾಲದಲ್ಲಿ ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿರಲಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಭಾಗ ಇಂಗ್ಲಿಷರ ಕೈಗೆ ಹೋಯಿತು. 1956ರ ನವೆಂಬರ್ 1ರವರೆಗೂ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿ ಮೈಸೂರಿನ ಕಡೆ ಉಳಿದಿತ್ತು. ಆಡಳಿತ ಎರಡಾದರೂ ಚಳಿಜ್ವರ ಒಂದೇ. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟದ ತಪ್ಪಲು ಅದಕ್ಕೆ ಹೆಸರಾಗಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷ್ ಇಂಡಿಯಾದಲ್ಲಿ ಅಂಚೆ ಕಚೇರಿಗಳ ಮೂಲಕ ಕ್ವಿನೈನ್ ಪೊಟ್ಟಣ ಮಾರುವ ವ್ಯವಸ್ಥೆಯೂ ಬಂತು. ಕಾಗದ ಹಾಕಲು ಹೋದವನು ಜ್ವರದ ಪುಡಿಯನ್ನೂ ಕೊಂಡು ಬರಬಹುದಿತ್ತು.

ಈ ಔಷಧಿ ಲಕ್ಷಾಂತರ ಜೀವ ಉಳಿಸಿತು. ಆದರೆ 1865ರಲ್ಲಿ ವಿಪನ್ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ವರದಿ ಬರೆದರು. ಕ್ವಿನೈನ್ ನುಂಗಿದವರ ಮೈಮೇಲೆ ಕೆಂಪು, ನೇರಳೆ ಬಣ್ಣದ ರಕ್ತದ ಚುಕ್ಕೆಗಳು ಏಳುತ್ತವೆ, ಅದಕ್ಕೆ ಔಷಧಿಯೇ ಕಾರಣ ಎಂಬುದು ಅದರ ಸಾರ. ಆಗ ಪ್ಲೇಟ್‌ಲೆಟ್ ಎಂಬುದೊಂದು ಇದೆ ಅಂತಲೇ ವೈದ್ಯರಿಗೆ ಗೊತ್ತಿರಲಿಲ್ಲ. ಇಟಲಿಯ ಬಿಜೊಜೆರೊ ಅದರ ಕೆಲಸವನ್ನು ವಿವರಿಸಿದ್ದು 1882ರಲ್ಲಿ. ಲ್ಯಾಬ್ ಇರಲಿಲ್ಲ, ರಕ್ತ ಎಣಿಸುವ ಯಂತ್ರ ಇರಲಿಲ್ಲ. ಇದ್ದದ್ದು ಎರಡೇ ಸಂಗತಿ: ಔಷಧಿ ನುಂಗಿದ್ದು ಯಾವಾಗ, ಚುಕ್ಕೆ ಕಂಡಿದ್ದು ಯಾವಾಗ. ಅಷ್ಟರಿಂದಲೇ ಕಾರಣ ಹೊರಬಿತ್ತು.

ತನ್ನ ಮೈಮೇಲೇ ಪರೀಕ್ಷೆ

ಔಷಧಿ ಏನೂ ಇಲ್ಲದೆಯೂ ಇಂಥ ಚುಕ್ಕೆ ಏಳುವವರಿದ್ದರು. ಜರ್ಮನಿಯ ವರ್ಲ್‌ಹಾಫ್ ಎಂಬ ವೈದ್ಯ 1735ರಲ್ಲೇ ಅಂಥ ಕಾಯಿಲೆಯನ್ನು ವಿವರಿಸಿದ್ದರು. ಇವತ್ತು ನಾವು ಐಟಿಪಿ ಅನ್ನುವುದು ಅದನ್ನೇ. ಪೂರ್ತಿ ಹೆಸರು ಇಮ್ಯೂನ್ ಥ್ರಾಂಬೊಸೈಟೊಪೀನಿಯಾ. ಕಾರಣ ಮಾತ್ರ ಇನ್ನೂರು ವರ್ಷ ಗೊತ್ತಾಗಲಿಲ್ಲ.

1916ರಲ್ಲಿ ಪ್ರಾಗ್ ನಗರದಲ್ಲಿ ಕಾಜ್ನೆಲ್ಸನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಸಲಹೆಯಂತೆ ಒಬ್ಬ ಹೆಂಗಸಿನ ಗುಲ್ಮವನ್ನು ತೆಗೆದರು. ಗುಲ್ಮ ಅಂದರೆ ಎಡ ಪಕ್ಕೆಯ ಕೆಳಗಿರುವ ಅಂಗ, ಡಾಕ್ಟರುಗಳು ಸ್ಪ್ಲೀನ್ ಎನ್ನುವುದು. ಆಪರೇಷನ್ ಆದ ಮೇಲೆ ಆಕೆಯ ಪ್ಲೇಟ್‌ಲೆಟ್ ಏರಿತು. ಅಂದರೆ ಪ್ಲೇಟ್‌ಲೆಟ್‌ಗಳು ಹುಟ್ಟದೆ ಇರುವುದಕ್ಕಿಂತ, ಹುಟ್ಟಿದವು ನಾಶವಾಗುವುದೇ ದೊಡ್ಡ ತೊಂದರೆ ಎಂಬ ಸುಳಿವು ಸಿಕ್ಕಿತು.

ಪುರಾವೆ ಸಿಕ್ಕಿದ್ದು 1950ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ. ವಿಲಿಯಂ ಹ್ಯಾರಿಂಗ್ಟನ್ ಎಂಬ ಯುವ ವೈದ್ಯ ಐಟಿಪಿ ರೋಗಿಯ ರಕ್ತವನ್ನು ತನ್ನ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಷ್ಟು ಇಳಿಯಿತು, ಮೈಮೇಲೆ ಚುಕ್ಕೆಗಳು ಎದ್ದವು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಪ್ಲೇಟ್‌ಲೆಟ್‌ಗಳನ್ನು ಕೊಲ್ಲುವ ಏನೋ ಒಂದು ರೋಗಿಯ ರಕ್ತದಲ್ಲೇ ಇದೆ ಎಂದು ಸಾಬೀತಾಯಿತು. ಅದು ಪ್ರತಿಕಾಯ. ರೋಗಾಣುವಿನ ವಿರುದ್ಧ ಹೋರಾಡಲು ಮೈ ತಯಾರಿಸುವ ಆಯುಧ ತನ್ನದೇ ಪ್ಲೇಟ್‌ಲೆಟ್ ಮೇಲೆ ತಿರುಗುತ್ತದೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ.

ಔಷಧಿಯ ವಿಷಯ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬಗೆಹರಿಯಿತು. ಸೆಡಾರ್ಮಿಡ್ ಎಂಬ ನಿದ್ದೆ ಮಾತ್ರೆಯಿಂದ ಕೆಲವರಿಗೆ ಚುಕ್ಕೆ ಏಳುತ್ತಿತ್ತು. ಇಂಗ್ಲೆಂಡಿನ ಆಕ್ರಾಯ್ಡ್ 1949ರಲ್ಲಿ ಗಾಜಿನ ನಳಿಕೆಯಲ್ಲಿ ಪರೀಕ್ಷಿಸಿ ತೋರಿಸಿದರು. ರೋಗಿಯ ರಕ್ತದ ತಿಳಿ, ಪ್ಲೇಟ್‌ಲೆಟ್, ಆ ಔಷಧಿ, ಮೂರೂ ಸೇರಿದರೆ ಮಾತ್ರ ಪ್ಲೇಟ್‌ಲೆಟ್ ನಾಶವಾಗುತ್ತದೆ. ಔಷಧಿ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಐಟಿಪಿಗೂ ಔಷಧಿಯಿಂದ ಬರುವ ತೊಂದರೆಗೂ ಇರುವ ವ್ಯತ್ಯಾಸ ಇಲ್ಲೇ. ಐಟಿಪಿಯಲ್ಲಿ ಪ್ರತಿಕಾಯ ಯಾವ ನೆರವೂ ಇಲ್ಲದೆ ಪ್ಲೇಟ್‌ಲೆಟ್ ಮೇಲೆ ಬೀಳುತ್ತದೆ. ಔಷಧಿಯ ತೊಂದರೆಯಲ್ಲಿ ಔಷಧಿ ರಕ್ತದಲ್ಲಿದ್ದಾಗ ಮಾತ್ರ ಬೀಳುತ್ತದೆ. ಆದ್ದರಿಂದ ಆ ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಪ್ಲೇಟ್‌ಲೆಟ್ ಮೇಲೇಳುತ್ತದೆ. ಆದರೆ ಆ ಪ್ರತಿಕಾಯ ವರ್ಷಗಟ್ಟಲೆ ಮೈಯಲ್ಲಿ ಉಳಿಯಬಹುದು. ಮೊದಲ ಸಲ ಔಷಧಿ ಶುರುಮಾಡಿ ಒಂದೆರಡು ವಾರಕ್ಕೆ ತೊಂದರೆ ಕಾಣಿಸಿದರೆ, ಎರಡನೇ ಸಲ ಅದೇ ಔಷಧಿ ನುಂಗಿದ ಕೆಲವೇ ಗಂಟೆಗಳಲ್ಲಿ ಕಾಣಿಸಬಹುದು.

ಆಂಟಿಬಯಾಟಿಕ್‌ಗಳ ಸರದಿ

ಪೆನ್ಸಿಲಿನ್ ಅನ್ನು ಫ್ಲೆಮಿಂಗ್ ಗುರುತಿಸಿದ್ದು 1928ರಲ್ಲಿ. ನಮ್ಮ ದೇಶದಲ್ಲಿ ಅದನ್ನು ತಯಾರಿಸಲು ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಂಪನಿ ಹುಟ್ಟಿತು. 1981ರಲ್ಲಿ ಅದೂ ಕರ್ನಾಟಕದ ಸಂಸ್ಥೆಯೊಂದೂ ಸೇರಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಕಂಪನಿ ಕಟ್ಟಿದವು. ಒಂದು ಕಾಲಕ್ಕೆ ದೊಡ್ಡವರಿಗೆ ಮಾತ್ರ ಸಿಗುತ್ತಿದ್ದ ಔಷಧಿ ಪಿಎಚ್‌ಸಿವರೆಗೂ ಬಂತು. ನಂಜಾದ ಗಾಯ, ನ್ಯುಮೋನಿಯಾ, ಬಾಣಂತಿ ಜ್ವರದಿಂದ ಸಾಯುತ್ತಿದ್ದವರು ಉಳಿದರು. ಈ ಮಾತು ಮರೆತು ಆಂಟಿಬಯಾಟಿಕ್ ಬೈಯುವುದು ತಪ್ಪಾಗುತ್ತದೆ.

ಹಾನಿಯ ದಾರಿ ಎರಡು. ಒಂದು, ಕ್ವಿನೈನ್‌ನಂತೆ ಪ್ರತಿಕಾಯದ ದಾರಿ. ಕೋಟ್ರೈಮಾಕ್ಸಜೋಲ್, ಅಂದರೆ ಮೂತ್ರದ ಸೋಂಕು ಮುಂತಾದವಕ್ಕೆ ಕೊಡುವ ಸಲ್ಫಾ ಜಾತಿಯ ಮಾತ್ರೆ, ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ವ್ಯಾಂಕೊಮೈಸಿನ್, ಪೆನ್ಸಿಲಿನ್ ಜಾತಿಯ ಪಿಪೆರಾಸಿಲಿನ್, ಇಂಜೆಕ್ಷನ್ನಾಗಿ ಕೊಡುವ ಸೆಫ್‌ಟ್ರಿಯಾಕ್ಸೋನ್, ಇವು ಈ ಪಟ್ಟಿಯಲ್ಲಿವೆ. ಇವುಗಳಿಂದ ತೊಂದರೆಯಾಗುವುದು ಅಪರೂಪ. ಆದರೆ ಆದವರಿಗೆ ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕಿಂತ ಕೆಳಗೆ ಬೀಳುವುದುಂಟು.

ಎರಡನೆಯದು ಮೂಳೆಯೊಳಗಿನ ಮಜ್ಜೆಯ ದಾರಿ. ಪ್ಲೇಟ್‌ಲೆಟ್ ಹುಟ್ಟುವುದೇ ಅಲ್ಲಿ. ಕ್ಲೋರಂಫೆನಿಕಾಲ್ ಎಂಬ ಔಷಧಿ 1948ರಿಂದ ಟೈಫಾಯಿಡ್‌ಗೆ ರಾಮಬಾಣವಾಯಿತು. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದರಿಂದ ಕೆಲವರ ಮಜ್ಜೆಯೇ ಬತ್ತಿಹೋಗುತ್ತದೆ ಎಂದು ಗೊತ್ತಾಯಿತು. ಈಗ ಅದನ್ನು ಕಣ್ಣಿನ ಹನಿಯಾಗಿ ಬಳಸುವುದೇ ಹೆಚ್ಚು.

ಟಿಬಿ ಮಾತ್ರೆ ಕಲಿಸಿದ ಪಾಠ

ನಮ್ಮ ಹಳ್ಳಿಗಳಿಗೆ ಈ ಕಥೆ ಅತಿ ಹತ್ತಿರ ಬರುವುದು ಟಿಬಿ ವಿಷಯದಲ್ಲಿ. 1957ರಲ್ಲಿ ಫ್ರಾನ್ಸಿನ ಕಡಲತೀರದ ಪೈನ್ ಕಾಡಿನಿಂದ ತಂದ ಒಂದು ಹಿಡಿ ಮಣ್ಣಿನಲ್ಲಿ ಇಟಲಿಯ ಮಿಲಾನ್ ನಗರದ ಸಂಶೋಧಕರಿಗೆ ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಅದರಿಂದ ಹುಟ್ಟಿದ್ದು ರಿಫಾಂಪಿಸಿನ್. ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಲ್ಲ, ಅದೇ ಮಾತ್ರೆ. ಟಿಬಿ ಚಿಕಿತ್ಸೆ ಒಂದೂವರೆ ವರ್ಷದಿಂದ ಆರು ತಿಂಗಳಿಗೆ ಇಳಿಯಲು ಮುಖ್ಯ ಕಾರಣ ಅದು.

1970ರಲ್ಲೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ರಿಫಾಂಪಿಸಿನ್‌ನಿಂದ ಪ್ಲೇಟ್‌ಲೆಟ್ ಇಳಿದ ವರದಿ ಬಂತು. ಪ್ರತಿಕಾಯ ಕೆಲಸ ಮಾಡಲು ಔಷಧಿ ಇರಲೇಬೇಕು ಎಂಬುದು ಇಲ್ಲೂ ಕಂಡಿತು. ಮುಂದೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ದಿನವೂ ತಪ್ಪದೆ ನುಂಗುವವರಿಗಿಂತ, ಅಂತರ ಬಿಟ್ಟು ನುಂಗುವವರಲ್ಲಿ, ಬಿಟ್ಟು ಮತ್ತೆ ಶುರುಮಾಡುವವರಲ್ಲಿ ಇದು ಹೆಚ್ಚು. ಔಷಧಿ ಇಲ್ಲದ ದಿನಗಳಲ್ಲಿ ಪ್ರತಿಕಾಯ ರಕ್ತದಲ್ಲಿ ಕೂಡಿಕೊಂಡಿರುತ್ತದೆ, ಮತ್ತೆ ಮಾತ್ರೆ ಬಂದಾಗ ಒಟ್ಟಿಗೆ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲೂ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಟಿಬಿ ಮಾತ್ರೆಯನ್ನು 2017ರಿಂದ ದಿನವೂ ಕೊಡುವ ಪದ್ಧತಿಗೆ ಬದಲಾಯಿಸಿದರು. ಅದಕ್ಕೆ ಮುಖ್ಯ ಕಾರಣ ಬೇರೆ, ರೋಗ ಮರುಕಳಿಸದಿರಲಿ, ಮಾತ್ರೆಗೆ ಬಗ್ಗದ ಟಿಬಿ ಬೆಳೆಯದಿರಲಿ ಎಂಬುದು. ಆದರೆ ಈ ದೃಷ್ಟಿಯಿಂದಲೂ ಅದು ಒಳ್ಳೆಯದೇ.

ಹನೂರು ಕಡೆಯಿಂದ ಕೂಲಿಗೆಂದು ಕೊಡಗಿಗೆ, ಕೇರಳಕ್ಕೆ, ತಮಿಳುನಾಡಿಗೆ ಹೋಗುವವರು ಇದನ್ನು ಗಮನಿಸಬೇಕು. ಹೋದ ಕಡೆ ಒಂದೆರಡು ತಿಂಗಳು ಮಾತ್ರೆ ಬಿಟ್ಟು, ಊರಿಗೆ ಬಂದ ಮೇಲೆ ಉಳಿದಿದ್ದ ಸ್ಟ್ರಿಪ್ ಹುಡುಕಿ ತಾವೇ ಶುರುಮಾಡುವುದು ಎರಡು ರೀತಿಯಲ್ಲಿ ಅಪಾಯ. ಟಿಬಿ ಮಾತ್ರೆಗೆ ಬಗ್ಗದಂತಾಗಬಹುದು, ಪ್ಲೇಟ್‌ಲೆಟ್ ದಿಢೀರನೆ ಬೀಳಲೂಬಹುದು. ಊರು ಬಿಡುವ ಮುನ್ನ ಆಶಾ ಕಾರ್ಯಕರ್ತೆಗೆ ಅಥವಾ ಪಿಎಚ್‌ಸಿಗೆ ತಿಳಿಸಿದರೆ ಹೋದ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲೇ ಮಾತ್ರೆ ಪಡೆಯಬಹುದು.

ರಿಫಾಂಪಿಸಿನ್ ನುಂಗುವಾಗ ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಅದು ಔಷಧಿಯದೇ ಬಣ್ಣ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಂಡರೆ, ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬಂದರೆ ಮಾತ್ರ ಮುಂದಿನ ಮಾತ್ರೆ ನುಂಗುವ ಮೊದಲು ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ಲೇಟ್‌ಲೆಟ್ ಇಳಿದದ್ದು ರಿಫಾಂಪಿಸಿನ್‌ನಿಂದಲೇ ಎಂದು ಖಚಿತವಾದರೆ ಆ ಮಾತ್ರೆಯನ್ನು ಆ ರೋಗಿಗೆ ಮತ್ತೆ ಕೊಡಬಾರದು ಎಂಬುದು ವೈದ್ಯರ ನಿಯಮ. ಟಿಬಿಗೆ ಬೇರೆ ಔಷಧಿಗಳಿವೆ, ಅವನ್ನು ಆರಿಸುವುದು ಅವರ ಕೆಲಸ.

ಸಾಮಾನ್ಯ ಮಾತ್ರೆಗೆ ಬಗ್ಗದ ಟಿಬಿಗೆ ಈಗ ಹೊಸ ಚಿಕಿತ್ಸೆ ಇದೆ. ನಾಲ್ಕು ಔಷಧಿಗಳ ಈ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲೊಂದು ಲಿನೆಜೋಲಿಡ್. ಇದು ಮಜ್ಜೆಯ ಕೆಲಸವನ್ನು ನಿಧಾನಗೊಳಿಸಿ ಪ್ಲೇಟ್‌ಲೆಟ್ ಇಳಿಸಬಹುದು. ಎರಡು ವಾರ ದಾಟಿದ ಮೇಲೆ ಈ ಸಾಧ್ಯತೆ ಹೆಚ್ಚು. ಆಗಾಗ ರಕ್ತ ಪರೀಕ್ಷೆಗೆ ಬನ್ನಿ ಅನ್ನುವುದು ಅದಕ್ಕೇ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತದೆ ನಿಜ. ಆದರೂ ಆ ಪರೀಕ್ಷೆ ತಪ್ಪಿಸಬಾರದು.

ತುಮಕೂರಿನಲ್ಲಿ ಕಂಡ ಸತ್ಯ

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಅಲ್ಲಿ ಸಿಕ್ಕ ಟಿಬಿ ರೋಗಿಗಳನ್ನು ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತಾಡಿಸಿ ಅಧ್ಯಯನ ಮಾಡಿದರು. 1963ರಲ್ಲಿ ಅದು ಪ್ರಕಟವಾಯಿತು.

ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ಅಧ್ಯಯನದಲ್ಲಿ ಕಂಡದ್ದೇ ಬೇರೆ. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಅವರು ಹೇಳಿದ್ದರು, ಕೇಳಿಸಿಕೊಂಡವರಿರಲಿಲ್ಲ. ಹೀಗೆ ಬರುವವರಿಗೇ ಪರೀಕ್ಷೆ ಮಾಡಿ ಚಿಕಿತ್ಸೆ ಕೊಡೋಣ ಎಂಬ ತಳಹದಿಯ ಮೇಲೆ ದೇಶದ ಟಿಬಿ ಕಾರ್ಯಕ್ರಮ ಕಟ್ಟಿದರು.

ಪ್ಲೇಟ್‌ಲೆಟ್ ವಿಷಯಕ್ಕೂ ಇದು ಹೊಂದುತ್ತದೆ. ವಿಪನ್ ಕಾಲದಿಂದ ಇವತ್ತಿನವರೆಗೆ ಯಾವ ಔಷಧಿ ಯಾರಿಗೆ ಆಗುವುದಿಲ್ಲ ಎಂಬ ಮೊದಲ ಸುಳಿವು ಬರುವುದು ರೋಗಿಯ ಬಾಯಿಂದಲೇ. ಇಂಥ ಪ್ರತಿಕಾಯ ಹುಡುಕುವ ಲ್ಯಾಬ್ ಪರೀಕ್ಷೆ ದೊಡ್ಡ ನಗರಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ನೀವು ಹೇಳುವ ತಾರೀಖೇ ಡಾಕ್ಟರಿಗೆ ಆಧಾರ.

ಏರಿಸಿದ ಆಂಟಿಬಯಾಟಿಕ್

ಇಳಿಸುವ ಕಥೆಯ ನಡುವೆ ಒಂದು ತಿರುವು ಇದೆ. ಹೊಟ್ಟೆಹುಣ್ಣಿಗೆ ಖಾರ, ಚಿಂತೆ ಕಾರಣ ಅಂದುಕೊಂಡಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ತೋರಿಸಿಕೊಟ್ಟರು. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. 2005ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲೇ, 1998ರಲ್ಲಿ, ಇಟಲಿಯ ಗಾಸ್ಬರಿನಿ ಮತ್ತು ಜೊತೆಗಾರರು ‘ಲ್ಯಾನ್ಸೆಟ್’ನಲ್ಲಿ ಬರೆದರು: ಐಟಿಪಿ ಜೊತೆಗೆ ಈ ಬ್ಯಾಕ್ಟೀರಿಯಾ ಇದ್ದವರಿಗೆ ಆಂಟಿಬಯಾಟಿಕ್ ಕೊಟ್ಟು ಅದನ್ನು ಹೊಡೆದೋಡಿಸಿದಾಗ ಪ್ಲೇಟ್‌ಲೆಟ್ ಏರಿತು. ಬ್ಯಾಕ್ಟೀರಿಯಾ ಮೇಲೆ ಎದ್ದ ಪ್ರತಿಕಾಯ ಗುರಿ ತಪ್ಪಿ ಪ್ಲೇಟ್‌ಲೆಟ್‌ಗೂ ಬಡಿಯುತ್ತಿರಬಹುದು ಎಂಬುದು ಒಂದು ವಿವರಣೆ.

ಆಮೇಲೆ ಜಪಾನ್ ಮತ್ತಿತರ ದೇಶಗಳಲ್ಲೂ ನೋಡಿದರು. ಬ್ಯಾಕ್ಟೀರಿಯಾ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅನುಕೂಲವಾಯಿತು. ಎಲ್ಲ ದೇಶಗಳಲ್ಲೂ ಒಂದೇ ಥರ ಆಗಲಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದವರಿಗೆ ಪ್ರಯೋಜನ ಕಡಿಮೆ. ಆದ್ದರಿಂದ ಇದು ಎಲ್ಲರಿಗೂ ಮದ್ದಲ್ಲ. ಮೊದಲು ಮಲ ಅಥವಾ ಉಸಿರಿನ ಪರೀಕ್ಷೆ ಮಾಡಿ, ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಕೊಡುವ ಎರಡು ವಾರದ ಚಿಕಿತ್ಸೆ. ಐಟಿಪಿ ಇರುವ ದೊಡ್ಡವರು ‘ನನಗೆ ಈ ಪರೀಕ್ಷೆ ಬೇಕಾ ಸಾರ್?’ ಎಂದು ತಮ್ಮ ಡಾಕ್ಟರನ್ನು ಧಾರಾಳವಾಗಿ ಕೇಳಬಹುದು.

ಹಾಗಾದರೆ ನಾವೇನು ಮಾಡಬೇಕು?

ಐಟಿಪಿ ಇದೆ ಅಂತ ಆಂಟಿಬಯಾಟಿಕ್ ಬೇಡ ಅನ್ನಬೇಡಿ. ಸೋಂಕು ತಾನೇ ಪ್ಲೇಟ್‌ಲೆಟ್ ಇಳಿಸುತ್ತದೆ. ಸೋಂಕು ಬಿಟ್ಟರೆ ಜೀವಕ್ಕೇ ಬರಬಹುದು. ಮುಖ್ಯವಾಗಿ ಗುಲ್ಮ ತೆಗೆಸಿಕೊಂಡವರು ಜ್ವರ ಬಂದರೆ ‘ನಾಳೆ ನೋಡೋಣ’ ಅನ್ನುವಂತಿಲ್ಲ. ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಅಂಗ ಅವರಲ್ಲಿಲ್ಲ. ಅವರಿಗೆ ಆಂಟಿಬಯಾಟಿಕ್ ಬೇಗ ಸಿಗಬೇಕು.

ಡೆಂಗಿ ವೈರಸ್ಸಿನ ಜ್ವರ. ಅದರ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಚೀಟಿ ಇಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಎರಡು ದಿನಕ್ಕೆ ನಾಲ್ಕು ಮಾತ್ರೆ ತಂದು ನುಂಗಿದರೆ ಲಾಭವಿಲ್ಲ. ಆಮೇಲೆ ಪ್ಲೇಟ್‌ಲೆಟ್ ಬಿದ್ದರೆ ಜ್ವರದಿಂದಲೋ ಮಾತ್ರೆಯಿಂದಲೋ ಎಂದು ಹೇಳುವುದೂ ಕಷ್ಟ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ಸ್ವಂತಕ್ಕೆ ನುಂಗಬಾರದು. ಅವು ಇರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ತಡೆಯುತ್ತವೆ. ಹೃದಯಕ್ಕೆಂದು ಡಾಕ್ಟರೇ ಆಸ್ಪಿರಿನ್ ಬರೆದಿದ್ದರೆ ಅವರನ್ನು ಕೇಳದೆ ಬಿಡಲೂಬಾರದು.

ಕಪ್ಪು ಮಲ, ನಿಲ್ಲದ ಮೂಗಿನ ರಕ್ತ, ಬಾಯೊಳಗೆ ರಕ್ತದ ಗುಳ್ಳೆ, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಜೋರು ತಲೆನೋವಿನ ಜೊತೆ ವಾಂತಿ ಅಥವಾ ಮಂಪರು, ಇವುಗಳಲ್ಲಿ ಯಾವುದೊಂದು ಇದ್ದರೂ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಕೊನೆಯದು ದುಡ್ಡು ಬೇಡದ ಕೆಲಸ. ಖಾಲಿ ಸ್ಟ್ರಿಪ್ ಎಸೆಯಬೇಡಿ. ಮಾತ್ರೆ ಶುರುಮಾಡಿದ ದಿನವೇ ಅದರ ಹೆಸರು ಕಾಣುವಂತೆ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಚುಕ್ಕೆ ಕಂಡರೆ ಅದರದ್ದೂ ಒಂದು ಫೋಟೊ. ಎರಡರ ಮೇಲೂ ತಾರೀಖು ತಾನಾಗೇ ಇರುತ್ತದೆ. ಕೊಳ್ಳೇಗಾಲಕ್ಕೆ ಹೋಗಲಿ, ಚಾಮರಾಜನಗರಕ್ಕೆ ಹೋಗಲಿ, ಮೈಸೂರಿಗೇ ಹೋಗಲಿ, ಮೊದಲು ಅದನ್ನು ಡಾಕ್ಟರಿಗೆ ತೋರಿಸಿ. ಒಂದು ಔಷಧಿ ನಿಮಗೆ ಆಗುವುದಿಲ್ಲ ಎಂದು ಅವರು ಹೇಳಿದರೆ, ಅದರ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆಗೇ ಇಡಿ. ಹತ್ತು ವರ್ಷದ ಮೇಲೆ ಬೇರೆ ಊರಿನ ಬೇರೆ ಡಾಕ್ಟರು ಅದೇ ಔಷಧಿ ಬರೆಯಲು ಹೊರಟಾಗ ಆ ಚೀಟಿ ಬೇಕಾಗುತ್ತದೆ.